ಆಗೋಯ್ತಣ್ಣನ ಕೆಂಪು ದಾರ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಲಾಂಡ್ರಿಯಲ್ಲಿ ಮಾತ್ರ ಯಾರೂ ಅವನನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಬಟ್ಟೆ ಒಗೆಯುವ ಯಂತ್ರಗಳ ಹತ್ತಿರ ನಿಲ್ಲುವ ಹೆಂಗಸರು ಒಂದು ದಿನ ನಗುತ್ತಾ 'ಆಗೋಯ್ತಣ್ಣ' ಎಂದು ಹೆಸರಿಟ್ಟರು, ಅದೇ ಗಟ್ಟಿಯಾಯಿತು. ಇಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. 'ನಾನು ಮಾಡಿದೆ' ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಗುಂಡಿ ಕಿತ್ತರೆ 'ಕಿತ್ತೋಯ್ತು'. ಬಕೆಟ್ಟು ಎಡವಿ ಬೀಳಿಸಿದರೆ 'ಬಿದ್ದೋಯ್ತು'. ಹೊತ್ತು ಮೀರಿ ಬಂದರೆ 'ಲೇಟಾಗೋಯ್ತು'. ಬಕೆಟ್ಟೇ ಬೇಸರವಾಗಿ ಮಗ್ಗುಲು ಬದಲಾಯಿಸಿತೇನೋ ಎನ್ನುವಂತೆ ಅದರ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ನಮ್ಮ ಭಾಷೆಯೂ ಇಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಯಾವ ಕೆಲಸಕ್ಕಾದರೂ ಹಿಂದೆ ಒಂದು 'ಹೋಯ್ತು' ಅಂಟಿಸಿ, ಮಾಡಿದವನು ಮಾತಿನಿಂದಲೇ ಮಾಯವಾಗುತ್ತಾನೆ.

ಆ ಕೆಲಸ ಕೊಡಿಸಿದವರು ಅವನ ಭಾವ, ಅಂದರೆ ಅಕ್ಕನ ಗಂಡ. ಭಾವ ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿಕೊಂಡು ಬಂದವರು. ಉಣ್ಣೆಯ ಕೋಟು ಎಂದರೆ ಅವರ ಮೇಜಿಗೇ ಹೋಗಬೇಕು. ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ ಹೋಗಬೇಕೇ ಹೊರತು ತಿಕ್ಕಬಾರದು. ತಿಕ್ಕಿದರೆ ಉಣ್ಣೆ ಹೊಳಪು ಹಿಡಿದು ಹಾಳಾಗುತ್ತದೆ. ಇದನ್ನೆಲ್ಲ ಭಾವ ತಮ್ಮ ಬಾಮೈದನಿಗೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಕಲಿತ ಮೇಲೆ ಅವನಿಗೂ ಒಂದು ಮೇಜು ಸಿಕ್ಕಿತು, ಭಾವನ ಮೇಜಿನ ಎದುರಿಗೇ. ಎರಡು ಮೇಜಿಗೂ ಕೈಗೆಟುಕುವ ಪಕ್ಕದ ಗೋಡೆಯಲ್ಲಿ ಎರಡು ಮೊಳೆ, ಒಂದರಲ್ಲಿ ಬಿಳಿ ದಾರದ ಉಂಡೆ, ಇನ್ನೊಂದರಲ್ಲಿ ಕೆಂಪು. ಕೋಟು ಕೈಗೆ ತೆಗೆದುಕೊಂಡವರು ಮೊದಲು ಅದರ ಕತ್ತಿನ ಒಳಗಿನ ಕುಣಿಕೆಗೆ ತಮ್ಮ ಬಣ್ಣದ ದಾರ ಕಟ್ಟಬೇಕು. ನಾಳೆ ಏನಾದರೂ ದೂರು ಬಂದರೆ ಯಾರ ಕೈಯ ಕೆಲಸ ಎಂದು ದಾರವೇ ಹೇಳುತ್ತದೆ. ಬಿಳಿ ಭಾವನದು, ಕೆಂಪು ಇವನದು.

ಅವನ ವಾಸವೂ ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ. ಅದಕ್ಕೂ ಮೊದಲು ಅವನು ಕುಡಿದು ಕುಡಿದು ಎಲ್ಲೆಲ್ಲೋ ಕೆಲಸ ಬಿಟ್ಟು, ಬಿಡಿಸಿಕೊಂಡು, ಕೊನೆಗೆ ಒಂದು ಚೀಲ ಹಿಡಿದು ಅಕ್ಕನ ಬಾಗಿಲಿಗೆ ಬಂದು ನಿಂತಿದ್ದ. ಅಕ್ಕ ಒಳಗೆ ಕರೆಯುವ ಮುನ್ನ ಒಂದೇ ಮಾತು ಕೇಳಿದ್ದಳು. ಇನ್ನು ಮುಟ್ಟಲ್ಲ, ಮುಟ್ಟಿದರೆ ನೀನು ಹೇಳುವ ಮುಂಚೆ ನಾನೇ ಮನೆ ಬಿಟ್ಟು ಹೋಗುತ್ತೇನೆ ಎಂದು ಇವನು ಮಾತು ಕೊಟ್ಟಿದ್ದ. ಭಾವ ಆಗ ಅವನ ಕೈಯಿಂದ ಚೀಲ ತೆಗೆದುಕೊಂಡು ಒಳಗಿಟ್ಟಿದ್ದರು.

ಆ ದಿನ ಲಾಂಡ್ರಿಗೆ ಬಂದದ್ದು ಒಂದು ವಾದ್ಯಗೋಷ್ಠಿಯವರ ಕೋಟುಗಳು. ಎಲ್ಲವೂ ಒಂದೇ ಕಪ್ಪು, ಒಂದೇ ಥರದ ಕಾಲರು, ಒಂದೇ ಥರದ ಗುಂಡಿ. ಯಾವುದು ಯಾರದ್ದೆಂದು ಹೊಲಿದವನಿಗೂ ಗೊತ್ತಾಗುವಂತಿರಲಿಲ್ಲ. ಊಟದ ಬಿಡುವಿನಲ್ಲಿ ಆಗೋಯ್ತಣ್ಣ ಬಾಯ್ಲರಿನ ಹಿಂದೆ ಹೋಗಿ ನೀರಿನ ಬಾಟಲಿ ಎತ್ತಿದ. ಅದರಲ್ಲಿದ್ದದ್ದು ನೀರಲ್ಲ. ಇದೇನು ಮೊದಲ ಸಲವೂ ಅಲ್ಲ. ಕೆಲವು ವಾರಗಳಿಂದ ಕದ್ದು ಮುಚ್ಚಿ ನಡೆದೇ ಇತ್ತು. ಸ್ವಲ್ಪವೇ, ಮೈ ನೋವಿಗೆ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾಯಿಗೆ ಪೆಪ್ಪರ್‌ಮಿಂಟ್ ಹಾಕಿಕೊಂಡು ಬಂದು ಮೇಜಿನ ಮುಂದೆ ನಿಂತ.

ಮೈಗೆ ಹಬೆಯ ಸೆಕೆ, ಕಿವಿಗೆ ಫ್ಯಾನಿನ ಗುಂಯ್‌ಗುಟ್ಟುವ ಸದ್ದು. ಕಣ್ಣು ಎಳೆಯತೊಡಗಿತು. ಭಾವ ಯಾರೋ ಕರೆದರೆಂದು ಮುಂದಿನ ಕೌಂಟರಿಗೆ ಹೋಗಿದ್ದರು. ಇವನು ಒದ್ದೆ ಬಟ್ಟೆ ಹಾಸುವುದನ್ನು ಮರೆತು ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಕೋಟಿನ ಎದೆಯ ಮೇಲಿಟ್ಟ. ಇಟ್ಟವನು ಎತ್ತಲಿಲ್ಲ. ಕೂದಲು ಸುಟ್ಟ ವಾಸನೆ ಮೂಗಿಗೆ ಹೊಡೆದಾಗ ಬೆಚ್ಚಿಬಿದ್ದು ಎತ್ತಿದರೆ, ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರವೇ ಕೋಟಿನ ಮೇಲೆ ಕಂದಾಗಿ ಅಚ್ಚೊತ್ತಿತ್ತು.

ಅಷ್ಟೇ ಆಗಿದ್ದರೆ ಇಲ್ಲಿ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಇಸ್ತ್ರಿಯವರ ಜೀವನದಲ್ಲಿ ಬಟ್ಟೆ ಸುಡುವುದು ಎಂದಾದರೊಮ್ಮೆ ಇದ್ದದ್ದೇ; ಬೈಸಿಕೊಂಡರೆ ಮುಗಿಯಿತು. ಆದರೆ ಬೈಯಲು ಹತ್ತಿರ ಬಂದವರಿಗೆ ಹೆಂಡದ ವಾಸನೆ ಬಡಿಯುತ್ತದೆ. ಅದು ಅಕ್ಕನ ಕಿವಿಗೆ ಹೋಗುತ್ತದೆ. ಚೀಲ ಮತ್ತೆ ಬೀದಿಗೆ ಬರುತ್ತದೆ. ಇದೆಲ್ಲ ಅವನ ತಲೆಯೊಳಗೆ ಒಂದು ಗಳಿಗೆಯಲ್ಲಿ ಓಡಿತು. ಅವನು ಕಿಟಕಿ ತೆರೆದ. ಕತ್ತರಿ ತೆಗೆದುಕೊಂಡು ಕುಣಿಕೆಯ ಕೆಂಪು ದಾರವನ್ನು ಕತ್ತರಿಸಿದ. ಮೊಳೆಯಿಂದ ಬಿಳಿ ದಾರ ಎಳೆದು, ಭಾವ ಹಾಕುವಂಥದೇ ಎರಡು ಸುತ್ತಿನ ಗಂಟು ಹಾಕಿ, ಕೋಟನ್ನು ಭಾವ ಮುಗಿಸಿಟ್ಟಿದ್ದ ಕೋಟುಗಳ ಮಧ್ಯೆ ನೇತುಹಾಕಿದ. ಈ ಕೆಲಸಕ್ಕೆ ಮಾತ್ರ ಅವನ ಕೈ ನಡುಗಲಿಲ್ಲ, ಕಣ್ಣು ಎಳೆಯಲಿಲ್ಲ. ಆ ಹೊತ್ತಿನಲ್ಲಿ ಅವನಷ್ಟು ಎಚ್ಚರವಾಗಿದ್ದವರು ಇಡೀ ಲಾಂಡ್ರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಮರುದಿನ ಬೆಳಿಗ್ಗೆ ಲಾಂಡ್ರಿಯ ಒಡತಿ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಕೋಟುಗಳಿಗೆ ಪ್ಲಾಸ್ಟಿಕ್ ಹೊದಿಸುವಾಗ ಅದು ಸಿಕ್ಕಿತು. ಅವರು ಕೋಟನ್ನು ಹಾಗೇ ಎತ್ತಿಕೊಂಡು ಒಳಗೆ ಬಂದು ಭಾವನ ಮೇಜಿನ ಮೇಲೆ ಹರಡಿದರು. ಆಗೋಯ್ತಣ್ಣ ಒಂದು ಅಂಗಿಯ ತೋಳನ್ನು ಮತ್ತೆ ಮತ್ತೆ ಇಸ್ತ್ರಿ ಮಾಡುತ್ತಾ ನಿಂತ. ಭಾವ ಜಗಳಕ್ಕೆ ನಿಲ್ಲುತ್ತಾರೆ, ಇದು ನನ್ನ ಕೈಯ ಕೆಲಸವೇ ಅಲ್ಲ ಎನ್ನುತ್ತಾರೆ, ಆಗ ನಾನೂ ಏನೋ ಒಂದು ಹೇಳಿ ಅಡ್ಡಗೋಡೆಯ ಮೇಲೆ ದೀಪ ಇಟ್ಟರಾಯಿತು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಭಾವ ಕನ್ನಡಕ ಹಾಕಿಕೊಂಡು ಸುಟ್ಟ ಗುರುತನ್ನು ನೋಡಿದರು. ಕುಣಿಕೆ ತಿರುವಿ ದಾರ ನೋಡಿದರು.

"ದಾರ ನಂದೇ ಅಂದ್ಮೇಲೆ ಕೆಲಸಾನೂ ನಂದೇ ಮೇಡಂ," ಎಂದರು. "ನಾನೇ ಸುಟ್ಟಿದೀನಿ. ಸುಟ್ಟಿದ್ದು ಗೊತ್ತೂ ಆಗಿಲ್ಲ ನೋಡಿ ನಂಗೆ."

ಆ ಕೊನೆಯ ಮಾತನ್ನು ಹೇಳುವಾಗ ಅವರ ಧ್ವನಿ ಇಳಿಯಿತು. ಬೈದಿದ್ದರೂ ಅವರಿಗೆ ಅಷ್ಟು ತಾಗುತ್ತಿರಲಿಲ್ಲವೇನೋ. ಮೇಡಂ ಒರಟು ಹೆಂಗಸಲ್ಲ. ವಯಸ್ಸಾದ ಮೇಲೆ ಯಾರಿಗಾದರೂ ಕಣ್ಣು ಕೈ ಮೊದಲಿನ ಹಾಗಿರುವುದಿಲ್ಲ, ಕೆಲವು ದಿನ ಕೋಟು ಬೇಡ, ದಿಂಬಿನ ಕವರು, ಅಂಗಿ ಇಂಥವನ್ನು ನೋಡಿಕೊಳ್ಳಿ ಎಂದು ಮೃದುವಾಗಿಯೇ ಹೇಳಿದರು. ಕೋಟುಗಳು ಆಗೋಯ್ತಣ್ಣನ ಮೇಜಿಗೆ ಬಂದವು. ಅವನಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ಬಾಯಿ ತೆರೆದರೆ ಮುಗಿಯುತ್ತಿತ್ತು. ತೆರೆಯಲಿಲ್ಲ, ಪುಣ್ಯಾತ್ಮ.

ಅಂದು ಸಂಜೆ ಮಾತ್ರ ಅವನು ಒಂದು ಕೆಲಸ ಮಾಡಿದ. ಬಾಟಲಿಯನ್ನು ಬಾಯ್ಲರಿನ ಹಿಂದಿನ ಮೋರಿಗೆ ಸುರಿದು, ಖಾಲಿಯಾದದ್ದನ್ನು ತುಳಿದು ಚಪ್ಪಟೆ ಮಾಡಿ ಕಸಕ್ಕೆ ಎಸೆದ. ಮರುದಿನದಿಂದ ಹೆಂಡದ ಅಂಗಡಿ ಇರುವ ಬೀದಿಯನ್ನೇ ಬಿಟ್ಟು, ಸುತ್ತಿ ಬಳಸಿ ಸೇತುವೆಯ ಮೇಲಿನ ದಾರಿ ಹಿಡಿದು ನಡೆದೇ ಕೆಲಸಕ್ಕೆ ಹೋಗತೊಡಗಿದ. ಬೆಳಿಗ್ಗೆ ಬೇಗ ಎದ್ದ. ಅಕ್ಕ ಕೊಟ್ಟ ಬುತ್ತಿಯನ್ನು ಅರ್ಧ ಬಿಸಾಡುತ್ತಿದ್ದವನು ಡಬ್ಬಿ ಬಳಿದು ತಿಂದ. ಮೊದಲ ಕೆಲವು ದಿನ ಕೈ ನಡುಕ, ಬೆವರು, ಯಾರ ಮೇಲೋ ಹರಿಹಾಯುವಷ್ಟು ಸಿಟ್ಟು. ಎಲ್ಲವನ್ನೂ ಹಲ್ಲು ಕಚ್ಚಿ ಕಳೆದ. ಇದರಲ್ಲಿ ಮೋಸವಿರಲಿಲ್ಲ. ನಿಜಕ್ಕೂ ಬಿಟ್ಟ. ನಿಜಕ್ಕೂ ಕಷ್ಟಪಟ್ಟ. ಬಾಯಿಂದ ತೀರಿಸಬೇಕಾದ್ದನ್ನು ಕಾಲಿಂದ ತೀರಿಸಿಬಿಡೋಣ ಎಂದು ಹೊರಟಿದ್ದ, ಅಷ್ಟೇ ಎಡವಟ್ಟು.

ಫಲ ಮುಖದಲ್ಲಿ ಕಂಡಿತು. ಕಣ್ಣಿನ ಕೆಳಗಿನ ಊತ ಇಳಿಯಿತು, ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಯಂತ್ರದ ಹತ್ತಿರದ ಹೆಂಗಸರು, ಏನಣ್ಣಾ, ಮದುವೆ ಗಿದುವೆ ಏನಾದರೂ ಇದೆಯಾ ಎಂದು ಕಿಚಾಯಿಸಿದರು. ಅಕ್ಕ ಹಾಡಿ ಹೊಗಳುವವಳಲ್ಲ. ಅವಳು ಊಟಕ್ಕೆ ಬಡಿಸುವಾಗ ಕೇಳದೆಯೇ ಇನ್ನೊಂದು ಸೌಟು ಹಾಕತೊಡಗಿದಳು. ಇಷ್ಟೆಲ್ಲ ಆದ ಮೇಲೆ ಮನುಷ್ಯನಿಗೆ ತನ್ನ ಮೇಲೆ ತನಗೇ ಒಂದಿಷ್ಟು ಮರ್ಯಾದೆ ಬರಬೇಕಲ್ಲವೇ. ಇವನಿಗೆ ಬರಲಿಲ್ಲ. ಕನ್ನಡಿಯ ಮುಂದೆ ನಿಂತರೆ ಒಳ್ಳೆಯ ಬಣ್ಣ ಬಂದ ಒಬ್ಬ ಕಳ್ಳ ಕಾಣುತ್ತಿದ್ದ. ಯಾರಾದರೂ ಹೊಗಳಿದ ದಿನವಂತೂ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಹೊಗಳಿದವರು ಭಾವ. ಸಿಕ್ಕಿದವರಿಗೆಲ್ಲ, ನಮ್ಮ ಹುಡುಗ ದಾರಿಗೆ ಬಂದ, ಈಗ ಕೋಟೆಲ್ಲ ಅವನದೇ, ನನಗಿಂತ ಚೆನ್ನಾಗಿ ಮಾಡುತ್ತಾನೆ ಎಂದು ಹೇಳಿಕೊಂಡು ತಿರುಗಿದರು. ಅವರು ತಮಾಷೆಗೆ ಹೇಳುತ್ತಿರಲಿಲ್ಲ, ನಂಬಿ ಹೇಳುತ್ತಿದ್ದರು. ಇತ್ತ ಅವರು ಮಾತ್ರ ದಿನದಿಂದ ದಿನಕ್ಕೆ ಕುಗ್ಗಿದರು. ಮೊದಲು ಒಂದೇ ಕೈಯಲ್ಲಿ ಚಹಾದ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಪೇಪರು ಮಡಚಿ ಓದುತ್ತಿದ್ದ ಮನುಷ್ಯ ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದರು. ಗಡ್ಡ ತಾವೇ ಹೆರೆದುಕೊಳ್ಳುವುದನ್ನು ಬಿಟ್ಟು ಕ್ಷೌರದ ಅಂಗಡಿಗೆ ಹೋದರು. ರಸ್ತೆ ದಾಟುವಾಗ ಯಾರಾದರೂ ಹೊರಡಲಿ ಎಂದು ಕಾದು ಅವರ ಹಿಂದೆ ದಾಟಿದರು. ಅಕ್ಕ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ, ಇದೇ ಕನ್ನಡಕ ಸಾಕು ಎಂದರು. ಅದು ಭಾವನನ್ನು ಇನ್ನೂ ಹೆದರಿಸಿತು. ಕಣ್ಣು ಚೆನ್ನಾಗಿದ್ದೂ ಕಾಣಲಿಲ್ಲ ಎಂದರೆ ಕೆಟ್ಟಿರುವುದು ತಲೆಯೇ ಇರಬೇಕು ಎಂದು ಅವರು ತೀರ್ಮಾನಕ್ಕೆ ಬಂದರು.

ಮೇಜಿನ ಹತ್ತಿರ ಇನ್ನೊಂದು ಶುರುವಾಯಿತು. ಭಾವ ಒಂದು ದಿಂಬಿನ ಕವರು ಇಸ್ತ್ರಿ ಮಾಡುತ್ತಿದ್ದರು, ಎತ್ತಿಕೊಂಡು ಇವನ ಮೇಜಿಗೆ ಬರುತ್ತಿದ್ದರು. ಶಾಲೆಯ ಮಕ್ಕಳು ಟೀಚರಿಗೆ ಸ್ಲೇಟು ತೋರಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

"ಒಂಚೂರು ನೋಡಪ್ಪ. ಎಲ್ಲೂ ಸುಟ್ಟಿಲ್ಲ ತಾನೆ?"

ಬಿಳೀ ದಿಂಬಿನ ಕವರು. ಸುಟ್ಟರೆ ಕುರುಡನಿಗೂ ಗೊತ್ತಾಗುತ್ತದೆ. ಇವನು ತಲೆ ತಗ್ಗಿಸಿಕೊಂಡು, ಚೆನ್ನಾಗಿದೆ ಭಾವ, ಎನ್ನುತ್ತಿದ್ದ. ಅವರು ಸಮಾಧಾನದಿಂದ ವಾಪಸು ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೊಂದು ತರುತ್ತಿದ್ದರು. ಇಸ್ತ್ರಿ ಹಿಡಿಯುವುದು ಹೇಗೆ ಎಂದು ಇವನ ಕೈ ಹಿಡಿದು ಕಲಿಸಿದವರು ಅವರು. ಈಗ ಇವನಿಂದ ಒಪ್ಪಿಗೆ ಕೇಳಿಕೊಂಡು ನಿಲ್ಲುತ್ತಿದ್ದರು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದು ಅವನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು, ಪ್ರತಿ ಸಲವೂ 'ಚೆನ್ನಾಗಿದೆ ಭಾವ' ಎಂದು ಹೇಳಿಯೇ ತೀರುತ್ತಿದ್ದ.

ಹೀಗಿರುವಾಗ ಒಂದು ದಿನ ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಭಾವ ಅವನ ಹತ್ತಿರ ಬಂದರು. ತಮ್ಮ ಮೇಜಿನ ಒದ್ದೆ ಬಟ್ಟೆಗಳನ್ನೆಲ್ಲ ತೊಳೆದು, ಹಿಂಡಿ, ಮಡಚಿ ತಂದಿದ್ದರು. ಮೇಡಂಗೆ ಹೇಳಿ ಆಯಿತು, ಈ ವಾರಕ್ಕೆ ನಾನು ಕೆಲಸ ಬಿಡುತ್ತೇನೆ, ಇವನ್ನು ನೀನೇ ಇಟ್ಟುಕೋ, ಉಣ್ಣೆಗೆ ಹಳೇ ಬಟ್ಟೆಯೇ ಒಳ್ಳೆಯದು, ಎಂದರು. ಮನೆಯಲ್ಲಿ ಕೂತು ಏನು ಮಾಡುತ್ತೀರಿ ಎಂದು ಇವನು ಕೇಳಿದ. ಏನೂ ಮಾಡುವುದಿಲ್ಲ, ಯಾರದ್ದನ್ನೂ ಸುಡದೆ ಇದ್ದರೆ ಸಾಕು ಎಂದು ಅವರು ನಗಲು ನೋಡಿದರು. ನಗು ಬರಲಿಲ್ಲ.

"ನಿಮ್ಮಕ್ಕಂಗೆ ಹೇಳ್ಬೇಡ," ಎಂದು ಸಣ್ಣ ಧ್ವನಿಯಲ್ಲಿ ಅಂದರು. "ಮೊನ್ನೆ ಗ್ಯಾಸ್ ಒಲೆ ಆರಿಸಿದೀನೋ ಇಲ್ವೋ ಅಂತ ನಾಲ್ಕು ಸಲ ಎದ್ದು ಹೋಗಿ ನೋಡ್ದೆ ಕಣೋ. ನನ್ನ ಕೈ ಏನ್ ಮಾಡುತ್ತೆ ಅಂತ ನಂಗೇ ಗೊತ್ತಿಲ್ಲ ಈಗ."

ಮಡಚಿದ ಬಟ್ಟೆಗಳು ಇಬ್ಬರ ಕೈಯ ನಡುವೆ ಇದ್ದವು. ತಾನು ಈ ಮನುಷ್ಯನಿಂದ ಕಸಿದುಕೊಂಡದ್ದು ಕೋಟಿನ ಕೆಲಸವನ್ನಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದ್ದೇನೆ ಎಂಬುದು ಅವನಿಗೆ ಆಗಲೇ ಪೂರ್ತಿ ತಿಳಿದದ್ದು. ಬಟ್ಟೆಗಳನ್ನು ತೆಗೆದುಕೊಳ್ಳದೆ ಅವನು ಬಾಯಿ ತೆರೆದ.

"ಭಾವ, ಆ ಕೋಟು ಸುಟ್ಟೋಯ್ತಲ್ಲ. ಅದು ನಿಮ್ಮ ಕೈಲಿ ಆಗಿದ್ದಲ್ಲ."

"ಮತ್ತೆ?"

"ನನ್ನ ಕೈಲಿ. ನಿದ್ದೆ ಬಂದ್‌ಬಿಡ್ತು. ಆಗೋಯ್ತು ಭಾವ."

ನೋಡಿ, ಅಲ್ಲಿಗೂ ಬಂತು ಅದು. ತಪ್ಪೊಪ್ಪಿಗೆಯ ಮಧ್ಯದಲ್ಲೂ ಮೆಲ್ಲಗೆ ನುಸುಳಿ ಬಂದು ಅವನನ್ನು ಮರೆಮಾಡಿ ನಿಂತಿತು. ಭಾವ ಅವನ ಮುಖ ನೋಡಿದರು. ಆಮೇಲೆ ಗೋಡೆಯ ಮೊಳೆಗಳ ಕಡೆ ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ ಇನ್ನೂ, ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿದ್ದರು.

"ಅದಕ್ಕೆ ಬಿಳಿ ದಾರ ಇತ್ತಲ್ಲೋ," ಎಂದರು. "ದಾರಾನೂ ಅದಾಗೇ ಬದಲಾಗೋಯ್ತಾ?"

ಅವರು ಚುಚ್ಚಲು ಕೇಳಲಿಲ್ಲ, ನಿಜವಾಗಿಯೇ ಕೇಳಿದರು. ಅದೇ ಅವನನ್ನು ಕೊಂದಿತು. ಕೋಟು ಸುಟ್ಟು ಹೋಗಬಹುದು, ಬಕೆಟ್ಟು ಬಿದ್ದು ಹೋಗಬಹುದು, ಆದರೆ ಒಂದು ಬಣ್ಣದ ದಾರ ತನ್ನಷ್ಟಕ್ಕೆ ತಾನೇ ಬಿಚ್ಚಿಕೊಂಡು, ಇನ್ನೊಂದು ಬಣ್ಣದ್ದು ಮೊಳೆಯಿಂದ ಇಳಿದು ಬಂದು, ಎರಡು ಸುತ್ತಿನ ಗಂಟು ಹಾಕಿಕೊಂಡು ಕೂರುವುದಿಲ್ಲ. ಆ ವಾಕ್ಯಕ್ಕೆ ಒಬ್ಬ ಮನುಷ್ಯ ಬೇಕೇ ಬೇಕು.

"ಬದಲಾಯಿಸಿದೆ," ಎಂದ. "ನಾನೇ ಕತ್ತರಿಸಿದೆ, ನಾನೇ ಕಟ್ಟಿದೆ. ಕುಡಿದಿದ್ದೆ. ಅಕ್ಕಂಗೆ ಗೊತ್ತಾಗುತ್ತೆ ಅಂತ ನಿಮ್ಮ ಮೇಲೆ ಹಾಕಿದೆ."

ಭಾವನ ಕೈಯಿಂದ ಬಟ್ಟೆಗಳು ಬೀಳಲಿಲ್ಲ, ಅವರು ಕೂಗಾಡಲೂ ಇಲ್ಲ. ಬಟ್ಟೆಗಳನ್ನು ತಮ್ಮ ಮೇಜಿನ ಮೇಲೆ ವಾಪಸು ಇಟ್ಟು, ಬೆನ್ನು ತಿರುಗಿಸಿಕೊಂಡು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ನಿಂತರು. ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದರು. ಮಾತಾಡಿದಾಗ ಇವನ ಕಡೆ ತಿರುಗಲಿಲ್ಲ.

"ಕವರು ತಂದು ತಂದು ತೋರಿಸ್ತಿದ್ದೆ ನಿಂಗೆ. ನೀನು ನೋಡಿ ನೋಡಿ ಚೆನ್ನಾಗಿದೆ ಅಂತಿದ್ದೆ."

"ಹೌದು ಭಾವ."

"ಕೋಟು ಸುಟ್ಟಿದ್ದು ಬಿಡು. ಕುಡಿದಿದ್ದೂ ಬಿಡು. ಅದನ್ನ ಹೆಂಗೋ ಮಾಡ್ದೆ?"

ಮೇಡಂಗೆ ಹೇಳುತ್ತೇನೆ, ಇವತ್ತೇ ಹೇಳುತ್ತೇನೆ, ಎಂದಷ್ಟೇ ಅವನು ಅಂದ.

ಮೇಡಂ ಮುಂದೆ ಹೇಳುವಾಗ ಅವನು ಪ್ರತಿ ಮಾತನ್ನೂ ಬಾಯಿಗೆ ಬರುವ ಮುಂಚೆ ಒಮ್ಮೆ ನಿಲ್ಲಿಸಿ ನೋಡಿದ. ಸುಟ್ಟೆ. ಕತ್ತರಿಸಿದೆ. ಕಟ್ಟಿದೆ. ಸುಮ್ಮನಿದ್ದೆ. ಕಲ್ಲು ಅಗಿದಂತೆ ಒಂದೊಂದಾಗಿ ಹೇಳಿದ. ಯಂತ್ರಗಳ ಹತ್ತಿರದ ಹೆಂಗಸರಿಗೂ ಕೇಳಿಸಿತು, ಆ ದಿನ ಅವರಲ್ಲಿ ಯಾರೂ ಕಿಚಾಯಿಸಲಿಲ್ಲ. ಮೇಡಂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅವನಿಂದ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡರು. ಇನ್ನು ಮೇಲೆ ಹಿಂದಿನ ಅಂಗಳದಲ್ಲಿ ಹೋಟೆಲುಗಳ ಹಾಸಿಗೆ ಚಾದರ ಒಣಗಿಸಿ ಮಡಚುವುದು ನಿನ್ನ ಕೆಲಸ, ಮತ್ತೆ ಕುಡಿದರೆ ಅದೂ ಇಲ್ಲ ಎಂದರು. ಆಮೇಲೆ ತಾವೇ ಒಳಗೆ ಹೋಗಿ ಭಾವನ ಮುಂದೆ ಕೈ ಜೋಡಿಸಿ, ಬಿಡುವ ಮಾತು ಬಿಟ್ಟುಬಿಡಿ ಎಂದು ಕೇಳಿಕೊಂಡರಂತೆ.

ಸಂಜೆ ಮನೆಯಲ್ಲಿ ಅಕ್ಕನಿಗೆ ಹೇಳಿದ. ಅವಳು ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಗಂಡ ಎದ್ದೆದ್ದು ಹೋಗಿ ಒಲೆ ನೋಡುತ್ತಿದ್ದುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಿದ್ದೆ ಬಂದವಳ ಹಾಗೆ ಮಲಗಿ ನೋಡುತ್ತಿದ್ದಳು. ಇವನು ಮಾತು ಮುಗಿಸಿ, ಮೊದಲೇ ಹೇಳಿದ್ದೆನಲ್ಲ, ಚೀಲ ತುಂಬಿಕೊಳ್ಳುತ್ತೇನೆ ಎಂದು ಎದ್ದ. ನಿಜ ಹೇಳಬೇಕೆಂದರೆ ಆ ಮಾತು ಅವನಿಗೆ ಒಂದು ಬಗೆಯ ಬಿಡುಗಡೆಯೇ ಆಗಿತ್ತು.

"ಕೂತ್ಕೋ," ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಹೋಗೋದು ಸುಲಭ. ಇಲ್ಲೇ ಇದ್ದು ದಿನಾ ಅವರ ಮುಖ ನೋಡು. ಅವರು ಮಾತಾಡ್ಸೋ ತನಕ ನೋಡು."

ಹಾಗೇ ಆಯಿತು. ಭಾವ ಮಾತಾಡಿಸಲಿಲ್ಲ. ಒಂದೇ ಮನೆ, ಒಂದೇ ಊಟದ ಹೊತ್ತು, ಒಂದೇ ಲಾಂಡ್ರಿ. ಅವರ ಕಣ್ಣು ಇವನ ಮೇಲೆ ಬಿದ್ದರೂ ಗೋಡೆಯ ಮೇಲೆ ಬಿದ್ದ ಹಾಗೆ ಮುಂದೆ ಹೋಗುತ್ತಿತ್ತು. ಕೋಟುಗಳು ಮತ್ತೆ ಅವರ ಮೇಜಿಗೆ ಹೋದವು. ಮೊದಮೊದಲು ಅವರು ಒಂದೊಂದು ಕೋಟಿಗೂ ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರು. ತಾನು ಕೆಡಿಸಿದ್ದು ಬರೀ ಸತ್ಯ ಹೇಳಿದ ಮಾತ್ರಕ್ಕೆ ರಿಪೇರಿ ಆಗುವುದಿಲ್ಲ ಎಂಬುದನ್ನು ಆಗೋಯ್ತಣ್ಣ ಅಂಗಳದಿಂದ ಕಿಟಕಿಯಲ್ಲಿ ನೋಡಿ ತಿಳಿದುಕೊಂಡ. ನೋಡಿದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು. ಬೆಳಿಗ್ಗೆ ಸೇತುವೆಯ ಮೇಲೆ ನಡೆದು ಬರುವುದನ್ನು ಮಾತ್ರ ಬಿಡಲಿಲ್ಲ. ಯಾರೂ ಹೊಗಳುತ್ತಿರಲಿಲ್ಲ ಈಗ. ಆದರೂ ಊಟ ಗಂಟಲಲ್ಲಿ ಇಳಿಯುತ್ತಿತ್ತು.

ಹಾಸಿಗೆಯ ಚಾದರ ಮಡಚುವುದು ಒಬ್ಬರ ಕೆಲಸವಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಝಾಡಿಸಿ, ಎಳೆದು, ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು. ಜೊತೆಗೆ ಬರುತ್ತಿದ್ದ ಹೆಂಗಸು ಒಂದು ಮಧ್ಯಾಹ್ನ ಮಗಳಿಗೆ ಜ್ವರವೆಂದು ಮನೆಗೆ ಹೋಗಿದ್ದಳು. ಅವನು ಒಬ್ಬನೇ ಒಂದು ತುದಿಯನ್ನು ಕಂಬಕ್ಕೆ ಸಿಕ್ಕಿಸಿ ಮಡಚಲು ನೋಡಿದ. ಚಾದರ ಜಾರಿ ನೆಲಕ್ಕೆ ಬಿತ್ತು. ಮತ್ತೆ ಒಗೆಯಲು ಹಾಕಿ ಇನ್ನೊಂದನ್ನು ಎತ್ತಿಕೊಂಡ. ಅಷ್ಟರಲ್ಲಿ ಆ ಕಡೆಯ ತುದಿಯನ್ನು ಯಾರೋ ಹಿಡಿದುಕೊಂಡರು.

ಭಾವ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಮುಖ ಗಂಟಿಕ್ಕಿಕೊಂಡೇ ನಿಂತಿದ್ದರು. ಸ್ನೇಹಕ್ಕೆ ಬಂದವರ ಮುಖವಲ್ಲ ಅದು. ಚಾದರ ಝಾಡಿಸಿದರು, ಇವನೂ ಝಾಡಿಸಿದ. ಎಳೆದರು, ಇವನೂ ಎಳೆದ. ನಡೆದು ಹತ್ತಿರ ಬಂದರು. ಇವನು ನೆಲ ನೋಡಿಕೊಂಡು ಅಂದಾಜಿನ ಮೇಲೆ ತನ್ನ ತುದಿಯನ್ನು ಮುಂದೆ ಚಾಚಿದ. ಅಂಚುಗಳು ಒಂದಕ್ಕೊಂದು ಸಿಗದೆ ವಾಲಿದವು.

"ತಲೆ ಎತ್ತು," ಎಂದರು ಭಾವ. "ಅಂಚು ಸೇರ್ತಿಲ್ಲ."

ಅವನು ತಲೆ ಎತ್ತಿದ. ಕಷ್ಟವಾಯಿತು, ಎತ್ತಿದ. ಭಾವ ನೋಡುತ್ತಿದ್ದುದು ಅವನನ್ನಲ್ಲ, ಚಾದರದ ಅಂಚನ್ನು. ಅವರು ತಮ್ಮ ತುದಿಯನ್ನು ಅವನ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದರು, ಚಹಾದ ಲೋಟಕ್ಕೂ ಎರಡು ಕೈ ಬೇಕಾಗಿದ್ದವರು, ಒಂದೇ ಕೈಯಲ್ಲಿ.